ನಲವತ್ತರ ಗೆರೆ ಎಳೆದವರು ಯಾರು?
ಯಕೃತ್ತಿನ ಕಿಣ್ವಗಳ ಅಳತೆಯ ಇತಿಹಾಸ

ರಕ್ತಪರೀಕ್ಷೆಯ ವರದಿಯನ್ನು ನೀವು ನೋಡಿಯೇ ಇರುತ್ತೀರಿ. ಎಡಗಡೆ ಪರೀಕ್ಷೆಯ ಹೆಸರು, ನಡುವೆ ರೋಗಿಯ ಅಂಕೆ, ಬಲಗಡೆ 'ಸಹಜ ಮಿತಿ'. ಯಕೃತ್ತಿನ ಪರೀಕ್ಷೆಯಾದರೆ ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬ ಎರಡು ಸಾಲುಗಳು ಇದ್ದೇ ಇರುತ್ತವೆ. ಅವುಗಳ ಎದುರಿಗೆ ಬಹಳಷ್ಟು ವರದಿಗಳಲ್ಲಿ '40ರವರೆಗೆ' ಎಂದೋ ಅದಕ್ಕೆ ಹತ್ತಿರದ ಮತ್ತೊಂದು ಅಂಕೆಯೋ ಅಚ್ಚಾಗಿರುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಕದರಮಂಡಲಗಿ ಎಂಬ ಊರಿದೆ. ಕಾಂತೇಶನೆಂದು ಹೆಸರಾದ ಆಂಜನೇಯನ ಗುಡಿಯಿಂದಾಗಿ ಅದು ಸುತ್ತಲ ಜಿಲ್ಲೆಗಳಿಗೆಲ್ಲ ಪರಿಚಿತ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ. ಇಲ್ಲಿನ ರೈತರೊಬ್ಬರು ಬ್ಯಾಡಗಿಯಲ್ಲೋ ರಾಣೆಬೆನ್ನೂರಿನಲ್ಲೋ ರಕ್ತ ಕೊಟ್ಟು ವರದಿ ತಂದರೆನ್ನಿ. 38 ಬಂದರೆ ಮನೆಯವರಿಗೆ ನೆಮ್ಮದಿ. 42 ಬಂದರೆ ಆತಂಕ, ಜೊತೆಗೆ 'ಕುಡಿತದ ಚಟವಿದೆಯೇ?' ಎಂಬ ಪ್ರಶ್ನೆ. ನಾಲ್ಕೇ ಅಂಕೆಗಳ ಅಂತರದಲ್ಲಿ ಒಬ್ಬರು ಆರೋಗ್ಯವಂತರ ಸಾಲಿನಿಂದ ರೋಗಿಗಳ ಸಾಲಿಗೆ ಸರಿದುಬಿಡುತ್ತಾರೆ!

ಹಾಗಾದರೆ ಈ 40 ಎಂಬ ಗೆರೆಯನ್ನು ಎಳೆದವರು ಯಾರು? ಯಾರ ರಕ್ತವನ್ನು ಅಳೆದು ಎಳೆದರು? ನೀರು ಸಾಮಾನ್ಯ ಒತ್ತಡದಲ್ಲಿ 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂಬಂತೆ ಇದು ನಿಸರ್ಗ ಕೊಟ್ಟ ಅಂಕೆಯೇ? ಅಲ್ಲ. ಇದು ಮನುಷ್ಯರು ಮಾಡಿದ ತೀರ್ಮಾನ. ಆ ತೀರ್ಮಾನಕ್ಕೊಂದು ಇತಿಹಾಸವಿದೆ. ಅದರಲ್ಲಿ ರಸಾಯನವಿಜ್ಞಾನಕ್ಕೂ ವೈದ್ಯಕೀಯಕ್ಕೂ ಇರುವಷ್ಟೇ ಪಾಲು ಭೌತವಿಜ್ಞಾನಕ್ಕೂ ಇದೆ.

ಸೋರುವ ಕಿಣ್ವಗಳು

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಎಸ್‌ಜಿಪಿಟಿಯ ಇಂದಿನ ಹೆಸರು ಅಲನೀನ್ ಅಮಿನೊಟ್ರಾನ್ಸ್‌ಫರೇಸ್, ಚಿಕ್ಕದಾಗಿ ಎಎಲ್‌ಟಿ. ಎಸ್‌ಜಿಓಟಿ ಎಂಬುದು ಆಸ್ಪಾರ್ಟೇಟ್ ಅಮಿನೊಟ್ರಾನ್ಸ್‌ಫರೇಸ್, ಚಿಕ್ಕದಾಗಿ ಎಎಸ್‌ಟಿ. ಹೆಸರು ಬದಲಾಗಿದೆ, ಕಿಣ್ವ ಅದೇ. ಅಮೈನೊ ಆಮ್ಲವೊಂದರ ಅಮೈನೊ ಗುಂಪನ್ನು ಕಿತ್ತು ಇನ್ನೊಂದು ಅಣುವಿಗೆ ಕೊಡುವುದು ಇವುಗಳ ಕೆಲಸ. ಈ ವರ್ಗಾವಣೆಯನ್ನು 1937ರಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಬ್ರೌನ್‌ಸ್ಟೈನ್ ಮತ್ತು ಮರಿಯಾ ಕ್ರಿಟ್ಸ್‌ಮನ್ ಗುರುತಿಸಿದರು. ಅವರು ಬಳಸಿದ್ದು ಪಾರಿವಾಳದ ಎದೆಯ ಸ್ನಾಯುವನ್ನು. ಯಕೃತ್ತಿನ ಕಿಣ್ವವೆಂದು ನಾವು ಕರೆಯುವುದು ಮೊದಲು ಕಂಡದ್ದು ಸ್ನಾಯುವಿನಲ್ಲಿ! ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎಎಲ್‌ಟಿ ಹೆಚ್ಚಾಗಿ ಇರುವುದು ಯಕೃತ್ತಿನ, ಅಂದರೆ ಪಿತ್ತಜನಕಾಂಗದ, ಕೋಶಗಳಲ್ಲಿ. ಎಎಸ್‌ಟಿ ಯಕೃತ್ತಿನ ಜೊತೆಗೆ ಹೃದಯ, ಮೈಯ ಸ್ನಾಯುಗಳು, ಮೂತ್ರಪಿಂಡ, ಕೆಂಪು ರಕ್ತಕಣ ಇವೆಲ್ಲದರಲ್ಲೂ ಇದೆ. ಇವೆರಡೂ ಕೆಲಸ ಮಾಡುವುದು ಕೋಶದ ಒಳಗೆ, ರಕ್ತದಲ್ಲಿ ಅಲ್ಲ. ಕೋಶಗಳು ಸವೆದು ಸಾಯುವಾಗ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೋರುತ್ತವೆ. ಕೋಶಗಳಿಗೆ ಪೆಟ್ಟು ಬಿದ್ದರೆ ಸೋರಿಕೆ ಹೆಚ್ಚುತ್ತದೆ. ಆದ್ದರಿಂದ ರಕ್ತದಲ್ಲಿ ಇವುಗಳ ಮಟ್ಟ ಯಕೃತ್ತು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುವುದಿಲ್ಲ. ಎಲ್ಲೋ ಕೋಶಗಳು ಒಡೆಯುತ್ತಿವೆ ಎಂದಷ್ಟೇ ಹೇಳುತ್ತದೆ.

ಬೆಳಕು ಕೊಟ್ಟ ಅಳತೆಗೋಲು

ರಕ್ತದಲ್ಲಿ ಈ ಕಿಣ್ವಗಳ ಪ್ರಮಾಣ ತೀರ ಕಡಿಮೆ. ತಕ್ಕಡಿಯಲ್ಲಿ ತೂಗಲು ಬಾರದು. ಕಿಣ್ವವನ್ನು ಅಳೆಯದೆ ಅದು ಮಾಡುವ ಕೆಲಸದ ವೇಗವನ್ನು ಅಳೆಯುವುದೇ ದಾರಿ. ಇಲ್ಲಿ ಬರುತ್ತದೆ ನಮ್ಮ ಭೌತವಿಜ್ಞಾನ.

ಬಣ್ಣದ ದ್ರಾವಣದ ಮೂಲಕ ಬೆಳಕು ಹಾಯ್ದಾಗ ಎಷ್ಟು ಹೀರಲ್ಪಡುತ್ತದೆ ಎಂಬ ನಿಯಮವನ್ನು ನೀವು ಪದವಿ ತರಗತಿಯಲ್ಲಿ ಓದಿರುತ್ತೀರಿ. 1729ರಲ್ಲಿ ಬೂಗೇ, 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಬೀರ್ ಇದನ್ನು ಹಂತಹಂತವಾಗಿ ರೂಪಿಸಿದರು. ಹೀರಿಕೆಯು ದ್ರಾವಣದ ಸಾರತೆಗೂ ಬೆಳಕು ಸಾಗುವ ದೂರಕ್ಕೂ ಅನುಪಾತದಲ್ಲಿರುತ್ತದೆ ಎಂಬುದು ಅದರ ತಿರುಳು. (ಯಕೃತ್ತಿನ ಪರೀಕ್ಷೆ ಬೀರ್ ಹೆಸರಿನ ನಿಯಮದ ಮೇಲೆ ನಿಂತಿರುವುದು ಕೇವಲ ಕಾಕತಾಳೀಯ!)

1930ರ ದಶಕದಲ್ಲಿ ಜರ್ಮನಿಯ ಆಟೊ ವಾರ್‌ಬುರ್ಗ್ ಮತ್ತು ಸಂಗಡಿಗರು ಮುಖ್ಯ ಸಂಗತಿಯೊಂದನ್ನು ಕಂಡುಕೊಂಡರು. ಕೋಶಗಳಲ್ಲಿ ಹೈಡ್ರೊಜನ್ ಹೊತ್ತು ತಿರುಗುವ ಸಹಕಿಣ್ವವೊಂದಿದೆ. ಇಂದು ಅದನ್ನು ಎನ್‌ಎಡಿಎಚ್ ಎನ್ನುತ್ತೇವೆ. ಅದು 340 ನ್ಯಾನೊಮೀಟರ್ ಅಲೆಯುದ್ದದ ಅತಿನೇರಿಳೆ ಕಿರಣವನ್ನು ಬಲವಾಗಿ ಹೀರುತ್ತದೆ. ಹೈಡ್ರೊಜನ್ ಬಿಟ್ಟುಕೊಟ್ಟು ಎನ್‌ಎಡಿ ಆದ ಕ್ಷಣ ಆ ಹೀರಿಕೆ ಇಲ್ಲವಾಗುತ್ತದೆ. ಎಂದರೆ, ಯಾವುದೇ ರಾಸಾಯನಿಕ ಕ್ರಿಯೆಯನ್ನು ಎನ್‌ಎಡಿಎಚ್ ಖರ್ಚಾಗುವಂತೆ ಜೋಡಿಸಿದರೆ, ಆ ಕ್ರಿಯೆಯ ವೇಗವನ್ನು ಬೆಳಕಿನ ಮೂಲಕವೇ ಓದಬಹುದು. 1941ರಲ್ಲಿ ಅಮೆರಿಕದ ಆರ್ನಲ್ಡ್ ಬೆಕ್‌ಮನ್‌ರ ಸಂಸ್ಥೆ 'ಡಿಯು' ಎಂಬ ರೋಹಿತ ದ್ಯುತಿಮಾಪಕವನ್ನು ಮಾರುಕಟ್ಟೆಗೆ ತಂದಿತು. ಅತಿನೇರಿಳೆಯ ಅಳತೆ ಅಲ್ಲಿಂದ ಮುಂದೆ ನಿಮಿಷಗಳ ಕೆಲಸವಾಯಿತು.

ಈ ಎರಡು ಎಳೆಗಳನ್ನು ಹೆಣೆದವರು ನ್ಯೂಯಾರ್ಕಿನ ಆರ್ಥರ್ ಕಾರ್ಮೆನ್. 1955ರಲ್ಲಿ ಪ್ರಕಟವಾದ ಅವರ ವಿಧಾನದ ತತ್ತ್ವವನ್ನೇ ಇಂದಿಗೂ ಬಳಸುತ್ತೇವೆ. ಎಎಲ್‌ಟಿಯ ಉದಾಹರಣೆ ನೋಡಿ. ಕಿಣ್ವವು ಅಲನೀನಿನಿಂದ ಪೈರುವೇಟ್ ಮಾಡುತ್ತದೆ. ನಾವು ಹಾಕಿದ ಇನ್ನೊಂದು ಕಿಣ್ವ ಆ ಪೈರುವೇಟನ್ನು ಲ್ಯಾಕ್ಟೇಟ್ ಮಾಡುತ್ತ ಎನ್‌ಎಡಿಎಚ್ ಅನ್ನು ಖರ್ಚು ಮಾಡುತ್ತದೆ. ಒಂದು ಪೈರುವೇಟ್ ಅಣುವಿಗೆ ಒಂದು ಎನ್‌ಎಡಿಎಚ್. ನಿಮಿಷ ನಿಮಿಷಕ್ಕೂ 340 ನ್ಯಾನೊಮೀಟರಿನ ಹೀರಿಕೆ ಇಳಿಯುತ್ತದೆ. ಇಳಿಕೆಯ ವೇಗವೇ ಕಿಣ್ವದ ಮಟ್ಟ.

ಲೆಕ್ಕವನ್ನೂ ಮಾಡಿಬಿಡೋಣ. ಎನ್‌ಎಡಿಎಚ್‌ನ ಮೋಲಾರ್ ಹೀರಿಕೆ ಗುಣಾಂಕ 6220. 1 ಮಿಲಿಲೀಟರ್ ಕಾರಕಕ್ಕೆ 0.1 ಮಿಲಿಲೀಟರ್ ರಕ್ತಸಾರ ಬೆರೆಸಿ, 1 ಸೆಂಟಿಮೀಟರ್ ದಪ್ಪದ ಪಾತ್ರೆಯಲ್ಲಿ ಅಳೆದರೆ, ನಿಮಿಷದ ಹೀರಿಕೆಯ ಇಳಿಕೆಯನ್ನು 1768ರಿಂದ ಗುಣಿಸಿದಾಗ ಲೀಟರಿಗೆ ಎಷ್ಟು ಯೂನಿಟ್ ಎಂಬುದು ಸಿಗುತ್ತದೆ. ಇಳಿಕೆ 0.0200 ಆದರೆ ವರದಿಯಲ್ಲಿ 35. ಇಳಿಕೆ 0.0226 ಆದರೆ 40. ಎರಡರ ನಡುವಿನ ವ್ಯತ್ಯಾಸ ಮೂರು ಸಾವಿರಾಂಶಕ್ಕೂ ಕಡಿಮೆ! ಬೆಳಕಿನ ಭಾಷೆಯಲ್ಲಿ ಹೇಳುವುದಾದರೆ, ಪಾತ್ರೆಯಿಂದ ಹೊರಬರುವ ಬೆಳಕು ನಿಮಿಷಕ್ಕೆ ಶೇಕಡಾ 4.7 ಹೆಚ್ಚಿದರೆ 35; ಶೇಕಡಾ 5.3 ಹೆಚ್ಚಿದರೆ 40. ಪಿಪೆಟ್ಟಿನಲ್ಲಿ ಸಣ್ಣ ತಪ್ಪು, ಪಾತ್ರೆಯ ಉಷ್ಣತೆಯಲ್ಲಿ ಒಂದೆರಡು ಡಿಗ್ರಿ ಏರುಪೇರು, ಹಳೆಯದಾದ ಕಾರಕ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಗೆರೆಯ ಈಚೆಗಿದ್ದವರು ಆಚೆಗೆ ಹೋಗಲು. ಆದ್ದರಿಂದಲೇ ಅನುಭವಿ ವೈದ್ಯರು ಒಂದು ವರದಿಯನ್ನು ನೋಡಿ ತೀರ್ಪು ಕೊಡುವುದಿಲ್ಲ; ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ ಎನ್ನುತ್ತಾರೆ.

ಹೃದಯದಿಂದ ಯಕೃತ್ತಿಗೆ

ಈ ಪರೀಕ್ಷೆ ಹುಟ್ಟಿದ್ದು ಯಕೃತ್ತಿಗಾಗಿ ಅಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1954ರಲ್ಲಿ ಲಾಡ್ಯೂ, ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದ ವಿಷಯ ಹೃದಯಾಘಾತ. ಹೃದಯದ ಸ್ನಾಯುವಿನಲ್ಲಿ ಎಎಸ್‌ಟಿ ಹೇರಳವಾಗಿದೆ, ಸ್ನಾಯು ಸತ್ತರೆ ಅದು ರಕ್ತಕ್ಕೆ ಬರಲೇಬೇಕು, ಬಂದೂ ಬಂತು. ದಶಕಗಳ ಕಾಲ ಹೃದಯಾಘಾತ ಪತ್ತೆಗೆ ಇದನ್ನು ಬಳಸಿದರು. ಈಗ ಆ ಜಾಗಕ್ಕೆ ಟ್ರೊಪೊನಿನ್ ಪರೀಕ್ಷೆ ಬಂದಿದೆ.

ಆದರೆ ಹೃದ್ರೋಗಿಗಳಿಗಿಂತ ಯಕೃತ್ತಿನ ರೋಗಿಗಳಲ್ಲಿ ಅಂಕೆ ಬಹಳ ಮೇಲೇರುವುದು ಬೇಗನೆ ಗಮನಕ್ಕೆ ಬಂತು. 1955ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಡಿ ರೀಟಿಸ್ ಮತ್ತು ಸಂಗಡಿಗರು ವೈರಸ್ ಕಾಮಾಲೆಯಲ್ಲಿ ಇದನ್ನು ತೋರಿಸಿಕೊಟ್ಟರು. 1956ರಲ್ಲಿ ರೊಬ್ಲೆವ್‌ಸ್ಕಿ ಮತ್ತು ಲಾಡ್ಯೂ ಎಎಲ್‌ಟಿಯನ್ನು ಮುಂದಿಟ್ಟರು. ಎಎಸ್‌ಟಿಯನ್ನು ಎಎಲ್‌ಟಿಯಿಂದ ಭಾಗಿಸಿದಾಗ ಬರುವ ಅನುಪಾತಕ್ಕೆ ಇಂದಿಗೂ ಡಿ ರೀಟಿಸ್ ಹೆಸರಿದೆ. ಹಾವೇರಿ ಕಡೆ ಕಾಮಣಿ ಎನ್ನುವ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಮೊದಲೇ ಈ ಕಿಣ್ವಗಳು ಏರಿರುತ್ತವೆ. ಕಣ್ಣಿಗೆ ಕಾಣದ್ದನ್ನು ಬೆಳಕು ಕಂಡಿತು.

ಆದರೆ ಬೆಕ್‌ಮನ್ ಉಪಕರಣ ಎಲ್ಲರ ಕೈಗೆಟುಕುವಂಥದ್ದಲ್ಲ. 1957ರಲ್ಲಿ ರೈಟ್‌ಮನ್ ಮತ್ತು ಫ್ರಾಂಕೆಲ್ ಅಗ್ಗದ ದಾರಿ ತೋರಿಸಿದರು. ಕ್ರಿಯೆಯಿಂದ ಹುಟ್ಟಿದ ವಸ್ತುವಿಗೆ ಕಾರಕ ಬೆರೆಸಿ ಕಂದುಗೆಂಪು ಬಣ್ಣ ಬರಿಸಿ, ಕಣ್ಣಿಗೆ ಕಾಣುವ ಬೆಳಕಿನಲ್ಲೇ ಸಾಮಾನ್ಯ ವರ್ಣಮಾಪಕದಿಂದ ಅಳೆಯುವ ವಿಧಾನ ಅದು. ನಮ್ಮ ದೇಶದ ಸಣ್ಣ ಪ್ರಯೋಗಾಲಯಗಳು ಬಹುಕಾಲ ಇದನ್ನೇ ನೆಚ್ಚಿಕೊಂಡಿದ್ದವು.

ಇದರಿಂದ ಒಂದು ತೊಡಕೂ ಹುಟ್ಟಿತು. ಒಂದೊಂದು ವಿಧಾನಕ್ಕೆ ಒಂದೊಂದು ಯೂನಿಟ್! ಕಾರ್ಮೆನ್ ಯೂನಿಟ್, ರೈಟ್‌ಮನ್–ಫ್ರಾಂಕೆಲ್ ಯೂನಿಟ್ ಇತ್ಯಾದಿ. 1961ರಲ್ಲಿ ಅಂತಾರಾಷ್ಟ್ರೀಯ ಕಿಣ್ವ ಆಯೋಗವು ನಿಮಿಷಕ್ಕೆ ಒಂದು ಮೈಕ್ರೊಮೋಲ್ ವಸ್ತುವನ್ನು ಪರಿವರ್ತಿಸುವ ಕಿಣ್ವವೇ ಒಂದು ಯೂನಿಟ್ ಎಂದು ಗೊತ್ತುಮಾಡಿತು. 1999ರಲ್ಲಿ ಎಸ್‌ಐ ಪದ್ಧತಿಗೆ 'ಕಟಾಲ್' ಎಂಬ ಏಕಮಾನ ಸೇರಿತು. ಆಸ್ಪತ್ರೆಗಳು ಮಾತ್ರ ಯೂನಿಟ್ಟನ್ನು ಬಿಡಲಿಲ್ಲ. ಅಳೆಯುವ ಉಷ್ಣತೆಯೂ 25, 30, 37 ಡಿಗ್ರಿ ಎಂದು ಬೇರೆ ಬೇರೆ ಇತ್ತು. ಉಷ್ಣತೆ ಏರಿದಂತೆ ಕಿಣ್ವ ಚುರುಕಾಗುತ್ತದೆ. ಒಂದೇ ರಕ್ತ 25 ಡಿಗ್ರಿಯಲ್ಲಿ ಕೊಡುವ ಅಂಕೆಗಿಂತ 37 ಡಿಗ್ರಿಯಲ್ಲಿ ಬಹಳ ದೊಡ್ಡ ಅಂಕೆ ಕೊಡುತ್ತದೆ. 37 ಡಿಗ್ರಿಯ ಅಂತಾರಾಷ್ಟ್ರೀಯ ಮಾದರಿ ವಿಧಾನ ಪ್ರಕಟವಾದದ್ದು 2002ರಲ್ಲಿ. ಎರಡು ಊರುಗಳ ಎರಡು ವರದಿಗಳನ್ನು ಹೋಲಿಸುವಾಗ ವಿಧಾನ, ಉಷ್ಣತೆ ಒಂದೇ ಆಗಿವೆಯೇ ಎಂದು ಏಕೆ ಕೇಳಬೇಕೆಂಬುದು ಈಗ ಗೊತ್ತಾಯಿತಲ್ಲ?

'ಸಹಜ' ಎಂಬುದರ ಲೆಕ್ಕ

ಈಗ ಗೆರೆಯ ವಿಚಾರಕ್ಕೆ ಬರೋಣ. 'ಸಹಜ' ಮಿತಿಯನ್ನು ಗೊತ್ತುಮಾಡುವ ಕ್ರಮ ಸರಳ. ಆರೋಗ್ಯವಂತರೆಂದು ತೋರುವ ನೂರಾರು ಜನರ ರಕ್ತ ಅಳೆಯಿರಿ. ಅಂಕೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ. ಕೆಳಗಿನ ಶೇಕಡಾ 2.5, ಮೇಲಿನ ಶೇಕಡಾ 2.5 ಬಿಟ್ಟುಬಿಡಿ. ನಡುವಿನ ಶೇಕಡಾ 95 ಜನರ ಅಂಕೆಗಳೇ ಮಿತಿ. ಹೀಗೆ ಎಳೆದ ಗೆರೆಯ ಪ್ರಕಾರ ಆರೋಗ್ಯವಂತ ನಲವತ್ತು ಜನರಲ್ಲಿ ಒಬ್ಬರ ಅಂಕೆ ಯಾವ ರೋಗವೂ ಇಲ್ಲದೆ ಮೇಲಿನ ಮಿತಿಯನ್ನು ದಾಟಲೇಬೇಕು! 1969ರಲ್ಲಿ ಫಿನ್ಲೆಂಡಿನ ಗ್ರೆಸ್‌ಬೆಕ್ ಮತ್ತು ಸಾರಿಸ್ 'ಸಹಜ' ಎಂಬ ಮಾತು ದಾರಿ ತಪ್ಪಿಸುತ್ತದೆ, 'ಉಲ್ಲೇಖ ಮೌಲ್ಯ' ಎನ್ನೋಣ ಎಂಬ ವಾದ ಹೂಡಿದರು. ಯಾರಿಗೆ ಹೋಲಿಸುತ್ತಿದ್ದೇವೆ ಎಂಬುದನ್ನು ಹೇಳದೆ ಅಂಕೆಗೆ ಅರ್ಥವಿಲ್ಲ ಎಂಬುದು ಅದರ ಸಾರ.

ಯಕೃತ್ತಿನ ಮಟ್ಟಿಗೆ ಈ ಮಾತಿನ ತೂಕ ದೊಡ್ಡದು. ಏಕೆಂದರೆ 'ಆರೋಗ್ಯವಂತರು' ಎಂದು ಆರಿಸಿದವರ ಯಕೃತ್ತು ನಿಜಕ್ಕೂ ಆರೋಗ್ಯವಾಗಿತ್ತೇ? 1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಸಹೋದ್ಯೋಗಿಗಳು ರಕ್ತ ಪಡೆದ ರೋಗಿಗಳ ಎಎಲ್‌ಟಿಯನ್ನು ಅಳೆಯುತ್ತ ಹೋದರು. ಕಾಮಾಲೆ ಕಾಣದಿದ್ದರೂ ಹಲವರಲ್ಲಿ ಅಂಕೆ ಏರುತ್ತಿತ್ತು. ಆಗ ಗೊತ್ತಿದ್ದ ಎ, ಬಿ ವೈರಸ್‌ಗಳು ಇರಲಿಲ್ಲ. ಕಾಣದ ವೈರಸ್ಸಿಗೆ ಏರಿದ ಎಎಲ್‌ಟಿಯೇ ಸುಳಿವು. ಆ ವೈರಸ್, ಹೆಪಟೈಟಿಸ್ ಸಿ, ಪತ್ತೆಯಾದದ್ದು 1989ರಲ್ಲಿ. 2020ರಲ್ಲಿ ಆಲ್ಟರ್, ಹಾಟನ್, ರೈಸ್ ಮೂವರಿಗೆ ನೊಬೆಲ್ ಬಂತು. ಎಂದರೆ, ಅದಕ್ಕೂ ಮೊದಲು ಎಳೆದ ಗೆರೆಗಳ ಹಿಂದೆ ನಿಂತ 'ಆರೋಗ್ಯವಂತ'ರಲ್ಲಿ ಈ ಸೋಂಕು ಇದ್ದವರೂ, ಕೊಬ್ಬು ತುಂಬಿದ ಯಕೃತ್ತಿನವರೂ ಸೇರಿದ್ದರು. ಹಾಗಿದ್ದ ಮೇಲೆ ಗೆರೆ ಮೇಲಕ್ಕೆ ಸರಿಯದೆ ಇನ್ನೇನು?

2002ರಲ್ಲಿ ಮಿಲಾನಿನ ಪ್ರಾಟಿ ಮತ್ತು ಸಂಗಡಿಗರು ಈ ಗಂಟನ್ನು ಬಿಡಿಸಲು ಹೊರಟರು. ಮೊದಲ ಸಲ ರಕ್ತದಾನಕ್ಕೆ ಬಂದ 6835 ಜನರ ಮಾಹಿತಿ ಅವರ ಬಳಿ ಇತ್ತು. ವೈರಸ್ ಸೋಂಕಿನವರನ್ನು ಬಿಟ್ಟರು. ತೂಕ, ಕೊಲೆಸ್ಟರಾಲ್, ಸಕ್ಕರೆ ಹೆಚ್ಚಿದ್ದವರನ್ನು, ಯಕೃತ್ತಿಗೆ ತೊಂದರೆ ಕೊಡಬಲ್ಲ ಔಷಧ ಸೇವಿಸುತ್ತಿದ್ದವರನ್ನು ಬಿಟ್ಟರು. ಉಳಿದವರ ಲೆಕ್ಕದಲ್ಲಿ ಎಎಲ್‌ಟಿಯ ಮೇಲ್ಮಿತಿ ಗಂಡಸರಿಗೆ 30, ಹೆಂಗಸರಿಗೆ 19 ಎಂದು ಬಂತು! 40 ಎಲ್ಲಿ, 19 ಎಲ್ಲಿ?

2004ರಲ್ಲಿ ದಕ್ಷಿಣ ಕೊರಿಯಾದಿಂದ ಇನ್ನೊಂದು ಸಾಕ್ಷ್ಯ ಬಂತು. 94,533 ಗಂಡಸರು, 47,522 ಹೆಂಗಸರನ್ನು ವರ್ಷಗಳ ಕಾಲ ಗಮನಿಸಿದಾಗ, ಹಳೆಯ ಮಿತಿಯೊಳಗೇ ಇದ್ದರೂ ಅದರ ಮೇಲಂಚಿಗೆ ಹತ್ತಿರವಿದ್ದವರಲ್ಲಿ ಯಕೃತ್ತಿನ ರೋಗದಿಂದ ಸಾಯುವ ಸಂಭವ ಹೆಚ್ಚಿತ್ತು. 2017ರಲ್ಲಿ ಅಮೆರಿಕದ ಜಠರ–ಕರುಳು ತಜ್ಞರ ಸಂಘಟನೆ ಮೇಲ್ಮಿತಿಯನ್ನು ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಎಂದು ಸೂಚಿಸಿತು. ಆದರೂ ಎಷ್ಟೋ ಪ್ರಯೋಗಾಲಯಗಳು ಹಳೆಯ ಅಂಕೆಯ ಹತ್ತಿರವೇ ನಿಂತಿವೆ. ಅದಕ್ಕೂ ಕಾರಣವಿದೆ. ಗೆರೆಯನ್ನು ಕೆಳಗಿಳಿಸಿದರೆ ರೋಗಿಗಳು ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಆದರೆ ರೋಗವಿಲ್ಲದ ಅನೇಕರು ವೃಥಾ ಆತಂಕಕ್ಕೂ ಖರ್ಚಿಗೂ ಒಳಗಾಗುತ್ತಾರೆ. ಎಲ್ಲಿ ಗೆರೆ ಎಳೆದರೂ ಒಂದು ಬಗೆಯ ತಪ್ಪು ಇದ್ದೇ ಇರುತ್ತದೆ. ಯಾವ ತಪ್ಪನ್ನು ಸಹಿಸಬಹುದು ಎಂಬುದನ್ನು ಸಮಾಜ ತೀರ್ಮಾನಿಸಬೇಕು, ಉಪಕರಣ ತೀರ್ಮಾನಿಸಲಾರದು.

ಅಂಕೆಯನ್ನು ಏರಿಳಿಸುವ ಸಂಗತಿಗಳು

ಒಂದು ಊರಿನ ಜನರ ಕಿಣ್ವದ ಮಟ್ಟ ಬೇರೆ ಬೇರೆಯಾಗಿರಲು ಕಾರಣಗಳು ಹಲವು. ಕೆಲವು ಹುಟ್ಟಿನಿಂದ ಬಂದವು. ಗಂಡಸರಲ್ಲಿ ಎಎಲ್‌ಟಿ ಹೆಂಗಸರಿಗಿಂತ ಹೆಚ್ಚು. ನಡುವಯಸ್ಸಿನಲ್ಲಿ ಏರಿ ಮುಪ್ಪಿನಲ್ಲಿ ಇಳಿಯುತ್ತದೆ. 2008ರಲ್ಲಿ ಅಮೆರಿಕದ ಡಲ್ಲಾಸಿನ ಸಂಶೋಧಕರು ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ರೂಪಾಂತರ ಯಕೃತ್ತಿನಲ್ಲಿ ಕೊಬ್ಬು ಶೇಖರಣೆಗೆ ಅನುಕೂಲವೆಂದು ತೋರಿಸಿದರು. ಒಂದೇ ಬಗೆಯ ಊಟ ಮಾಡುವ ಇಬ್ಬರ ಯಕೃತ್ತು ಒಂದೇ ರೀತಿ ಇರಬೇಕಿಲ್ಲ.

ಉಳಿದವು ಬದುಕಿನ ರೀತಿಗೆ ಸಂಬಂಧಿಸಿದವು. ಮೊದಲನೆಯದು ತೂಕ, ಅದರಲ್ಲೂ ಹೊಟ್ಟೆಯ ಸುತ್ತಿನ ಕೊಬ್ಬು. ಮಧುಮೇಹವೂ ಇದರ ಜೊತೆಗಾರ. ಎರಡನೆಯದು ಮದ್ಯ. ಮದ್ಯದಿಂದಾದ ಯಕೃತ್ತಿನ ಉರಿಯೂತದಲ್ಲಿ ಎಎಸ್‌ಟಿಯು ಎಎಲ್‌ಟಿಯ ಎರಡರಷ್ಟನ್ನು ಮೀರುವುದು ಸಾಮಾನ್ಯ. ಇದಕ್ಕೆ ಒಂದು ಕಾರಣ ಬಿ6 ಜೀವಸತ್ವದ ಕೊರತೆ. ಈ ಕಿಣ್ವಗಳು ಕೆಲಸ ಮಾಡಲು ಬಿ6 ಬೇಕು. ಅತಿಯಾಗಿ ಕುಡಿಯುವವರಲ್ಲಿ ಅದು ಕಡಿಮೆ, ಆಗ ಎಎಲ್‌ಟಿ ಕುಗ್ಗುತ್ತದೆ. ಇಲ್ಲಿ ಒಂದು ಎಚ್ಚರ: ಬೇರೆ ಕಾರಣದಿಂದ ಬಿ6 ಕೊರತೆ ಇರುವವರಲ್ಲೂ ಎಎಲ್‌ಟಿ ಸುಳ್ಳೇ ಕಡಿಮೆ ಕಾಣಬಹುದು. ಅಂತಾರಾಷ್ಟ್ರೀಯ ಮಾದರಿ ವಿಧಾನದಲ್ಲಿ ಬಿ6ರ ಸಕ್ರಿಯ ರೂಪವನ್ನು ಕಾರಕದಲ್ಲೇ ಬೆರೆಸುವುದು ಇದಕ್ಕಾಗಿ.

ಮೂರನೆಯದು ಮೈಮುರಿಯುವ ದುಡಿಮೆ. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ 15 ಗಂಡಸರಿಂದ ಒಂದು ಗಂಟೆ ಭಾರ ಎತ್ತಿಸಿದರು. ಎಎಸ್‌ಟಿ, ಎಎಲ್‌ಟಿ ಎರಡೂ ಏರಿ, ಕನಿಷ್ಠ ಏಳು ದಿನ ಹಾಗೆಯೇ ಇದ್ದವು! ಪಾರಿವಾಳದ ಎದೆಯ ಸ್ನಾಯು ನೆನಪಿದೆಯಲ್ಲ? ನಾಲ್ಕನೆಯದು ಔಷಧಗಳು. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಕೆಲವರಲ್ಲಿ ಕಿಣ್ವಗಳನ್ನು ಏರಿಸುವುದು ಬಹುಕಾಲದಿಂದ ತಿಳಿದದ್ದೇ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದು ಯಕೃತ್ತಿಗೆ ಪೆಟ್ಟಾದವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. 2022ರಲ್ಲಿ ದೇಶದ 13 ಕೇಂದ್ರಗಳ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆದರೂ ಪರೀಕ್ಷೆಗೆ ಹೋದಾಗ ಏನೇನು ಸೇವಿಸುತ್ತಿದ್ದೇವೆ ಎಂದು ವೈದ್ಯರಿಗೆ ಹೇಳುವುದರಲ್ಲಿ ನಷ್ಟವೇನಿದೆ?

ಇಳಿಸುವ ಸಂಗತಿಯೂ ಒಂದಿದೆ, ಅದು ಕಾಫಿ! ಕ್ಯಾಲಿಫೋರ್ನಿಯಾದ 1,25,580 ಜನರ ಮಾಹಿತಿ ಆಧರಿಸಿ 2006ರಲ್ಲಿ ಕ್ಲಾಟ್‌ಸ್ಕಿ ಮತ್ತು ಸಂಗಡಿಗರು ಬರೆದ ಪ್ರಕಾರ, ಕಾಫಿ ಕುಡಿಯುವವರಲ್ಲಿ ಈ ಕಿಣ್ವಗಳ ಮಟ್ಟವೂ ಸಿರೋಸಿಸ್ಸೂ ಕಡಿಮೆ. ಹಾಗೆಂದು ಕಾಫಿಯನ್ನು ಔಷಧವೆಂದು ತಿಳಿಯಬೇಡಿ. ಎರಡು ಸಂಗತಿ ಜೊತೆಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ.

ನಮ್ಮ ಸೀಮೆಗೆ ಹೊಂದಿಸಿ ನೋಡಿದರೆ

ಈಗ ಮಿಲಾನ್, ಸೋಲ್‌ಗಳಿಂದ ಬ್ಯಾಡಗಿ ಸೀಮೆಗೆ ಮರಳೋಣ. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲ ಹೊರುವ ಹಮಾಲರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರ ಎಎಸ್‌ಟಿ 60 ಬಂದರೆ ಅದು ಯಕೃತ್ತಿನದೋ ತೋಳು ತೊಡೆಗಳದೋ? ಸ್ನಾಯುವಿನ ಕಿಣ್ವವಾದ ಕ್ರಿಯಾಟಿನ್ ಕೈನೇಸನ್ನು ಜೊತೆಗೇ ಅಳೆದರೆ ಗೊತ್ತಾಗುತ್ತದೆ. ಕೆಲವು ದಿನ ವಿಶ್ರಾಂತಿಯ ಬಳಿಕ ಮತ್ತೊಮ್ಮೆ ಪರೀಕ್ಷಿಸಿದರೂ ಗೊತ್ತಾಗುತ್ತದೆ. ಇದನ್ನು ಕೇಳದೆ 'ಕುಡುಕ' ಎಂಬ ಹಣೆಪಟ್ಟಿ ಅಂಟಿಸಿದರೆ ಅನ್ಯಾಯ.

ಇನ್ನೊಂದು ಬದಿಯಿದೆ. ಕದರಮಂಡಲಗಿಯಂಥ ಊರಿನಲ್ಲಿ ನಲವತ್ತೈದರ ಗೃಹಿಣಿಯೊಬ್ಬರ ಎಎಲ್‌ಟಿ 34 ಬಂತೆನ್ನಿ. ವರದಿ 'ಸಹಜ' ಎನ್ನುತ್ತದೆ. ಮೈ ತೆಳ್ಳಗಿದೆ, ಮದ್ಯದ ವಾಸನೆಯೂ ಗೊತ್ತಿಲ್ಲ. ಆದರೆ ಸಕ್ಕರೆ ಸ್ವಲ್ಪ ಹೆಚ್ಚು. ಅವರ ಯಕೃತ್ತಿನಲ್ಲಿ ಕೊಬ್ಬಿರಲಾರದೇ? 2010ರಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಿಂದ ಬಂದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. 1911 ವಯಸ್ಕರಲ್ಲಿ ಶೇಕಡಾ 8.7 ಜನರಿಗೆ ಮದ್ಯದಿಂದಲ್ಲದ ಕೊಬ್ಬಿನ ಯಕೃತ್ತು ಇತ್ತು. ಅವರಲ್ಲಿ ನಾಲ್ವರಲ್ಲಿ ಮೂವರ ದೇಹತೂಕ ಸೂಚ್ಯಂಕ 25ಕ್ಕಿಂತ ಕಡಿಮೆ. ಶ್ರೀಮಂತರ, ಸ್ಥೂಲಕಾಯದವರ ರೋಗ ಎಂಬ ಎಣಿಕೆ ಹಳ್ಳಿಯಲ್ಲೇ ಬಿದ್ದುಹೋಯಿತು. 2021ರಲ್ಲಿ ಕೇಂದ್ರ ಸರ್ಕಾರ ಈ ರೋಗವನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಇಂಥ ಯಕೃತ್ತಿನವರಲ್ಲಿ ಅನೇಕರ ಎಎಲ್‌ಟಿ ಮಿತಿಯೊಳಗೇ ಇರುತ್ತದೆ ಎಂಬುದನ್ನು ಮರೆಯಬಾರದು.

ಮದ್ಯದ ವಿಷಯ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಹಳ್ಳಿಗಳ ಮಟ್ಟಿಗೆ ದೊಡ್ಡ ನಿರ್ಧಾರವೇ. ಆದರೆ ಬಾಟಲಿ ಮದ್ಯ ಉಳಿಯಿತು. ಯಕೃತ್ತಿಗೆ ಸಾರಾಯಿಯ ಆಲ್ಕೊಹಾಲ್, ಬಾಟಲಿಯ ಆಲ್ಕೊಹಾಲ್ ಎಂಬ ಭೇದವಿಲ್ಲ. ಎಷ್ಟು ಗ್ರಾಮ್, ಎಷ್ಟು ವರ್ಷ ಎಂಬುದೇ ಲೆಕ್ಕ.

ಗೋವಿನಜೋಳದ ಸೀಮೆಯವರು ತಿಳಿದಿರಬೇಕಾದ ಇತಿಹಾಸ ಇನ್ನೊಂದಿದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ 200ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆ ಹರಡಿತು. 397 ಜನ ಕಾಯಿಲೆ ಬಿದ್ದರು, 106 ಜನ ಸತ್ತರು. ಅದೇ ಮನೆಗಳ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ ಭಟ್ ಮತ್ತು ಸಂಗಡಿಗರು ಕಾರಣ ಪತ್ತೆ ಹಚ್ಚಿದರು. ಅಕಾಲ ಮಳೆಗೆ ತೊಯ್ದ ಜೋಳದ ಮೇಲೆ ಬೆಳೆದ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಮಾಡಿತ್ತು. ಅದು ನೇರವಾಗಿ ಯಕೃತ್ತನ್ನು ಹೊಡೆಯುತ್ತದೆ. ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲೂ ಈ ವಿಷ ಹುಟ್ಟಬಹುದು. ಐರೋಪ್ಯ ಒಕ್ಕೂಟವು ಅಫ್ಲಟಾಕ್ಸಿನ್ ಬಿ1ಕ್ಕೆ ಮಸಾಲೆಗಳಲ್ಲಿ ಕಿಲೋಗ್ರಾಮಿಗೆ 5 ಮೈಕ್ರೊಗ್ರಾಮ್ ಮಿತಿ ಹಾಕಿರುವುದು ಅದಕ್ಕೇ. ಕಣದಲ್ಲಿ ಬೆಳೆಯನ್ನು ಚೆನ್ನಾಗಿ ಒಣಗಿಸುವುದೂ ಯಕೃತ್ತನ್ನು ಕಾಯುವ ಕೆಲಸವೇ. 'ಜೀವನಶೈಲಿ' ಎಂದ ಕೂಡಲೇ ಊಟ, ಕುಡಿತ ಎಂದು ವ್ಯಕ್ತಿಯ ಮೇಲೆಯೇ ಹೊಣೆ ಹೊರಿಸಬಾರದು ಎಂಬುದಕ್ಕೆ ಇದು ಸಾಕ್ಷಿ.

ತರಗತಿಯಲ್ಲಿ ಮಾಡಿ ನೋಡಿ

ಉಲ್ಲೇಖ ಮಿತಿ ಎಂದರೇನು ಎಂಬುದನ್ನು ರಕ್ತವಿಲ್ಲದೆಯೇ ಕಲಿಸಬಹುದು. ಶಾಲೆಯ ನೂರಿಪ್ಪತ್ತು ವಿದ್ಯಾರ್ಥಿಗಳು ಕುಳಿತು ಐದು ನಿಮಿಷ ವಿರಮಿಸಿದ ಮೇಲೆ ನಾಡಿ ಎಣಿಸಿಕೊಳ್ಳಲಿ. ಅಂಕೆಗಳನ್ನು ಕ್ರಮವಾಗಿ ಬರೆದು ಎರಡೂ ತುದಿಗಳಿಂದ ಮೂರು ಮೂರು ಬಿಟ್ಟುಬಿಡಿ. ಉಳಿದದ್ದು ನಿಮ್ಮ ಶಾಲೆಯ ಮಿತಿ. ಈಗ ಆಟದ ಮೈದಾನದಿಂದ ಓಡಿಬಂದ ಗುಂಪಿನಿಂದ ಇನ್ನೊಂದು ಮಿತಿ ಕಟ್ಟಿ. ಶಿಕ್ಷಕರ ಕೊಠಡಿಯಿಂದ ಮತ್ತೊಂದು. ಮೂರು ಮಿತಿಗಳೂ ಬೇರೆ! ಒಂದು ಗುಂಪಿನ ಗೆರೆಯನ್ನು ಇನ್ನೊಂದು ಗುಂಪಿಗೆ ಹಚ್ಚಿದರೆ ಎಷ್ಟು ಮಂದಿ 'ರೋಗಿ'ಗಳಾಗುತ್ತಾರೆ ಎಂದು ಎಣಿಸಲು ಹೇಳಿ. ಅಂಕಿ–ಅಂಶ ವಿಜ್ಞಾನದ ಈ ಪಾಠವನ್ನು ವಿದ್ಯಾರ್ಥಿಗಳು ಮರೆಯಲಾರರು.

ಮನೆಯವರ ವರದಿ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸವನ್ನೂ ಬೆಳೆಸಿ. ಹಿಂದಿನ ವಾರ ಭಾರೀ ದುಡಿಮೆ ಇತ್ತೇ? ಯಾವ ಮಾತ್ರೆ, ಕಷಾಯ ಸೇವಿಸುತ್ತಿದ್ದರು? ಹಿಂದಿನ ವರದಿಯ ಅಂಕೆ ಎಷ್ಟು, ಅದೇ ಪ್ರಯೋಗಾಲಯದ್ದೇ? ಸಕ್ಕರೆ, ಸೊಂಟದ ಸುತ್ತಳತೆ ಹೇಗಿವೆ? ಈ ಉತ್ತರಗಳೊಂದಿಗೆ ವೈದ್ಯರ ಬಳಿ ಹೋದರೆ ಅವರ ಕೆಲಸ ಹಗುರಾಗುತ್ತದೆ. ಮಿತಿ ಮೀರಿದ್ದಕ್ಕೆ ಹೆದರುವುದು ಬೇಡ. ಮಿತಿಯೊಳಗಿದೆ ಎಂದು ಮೈಮರೆಯುವುದೂ ಬೇಡ.

340 ನ್ಯಾನೊಮೀಟರಿನ ಬೆಳಕು ಎಲ್ಲ ಊರುಗಳಲ್ಲೂ ಒಂದೇ. ಆದರೆ ಅದು ತೋರುವ ಅಂಕೆಯ ಅರ್ಥ ಗೊತ್ತಾಗಬೇಕಾದರೆ ಆ ಊರಿನ ಜನ ಏನು ಉಣ್ಣುತ್ತಾರೆ, ಎಷ್ಟು ದುಡಿಯುತ್ತಾರೆ, ಯಾವ ಕಾಯಿಲೆಗಳ ನಡುವೆ ಬದುಕುತ್ತಾರೆ ಎಂಬುದು ತಿಳಿದಿರಬೇಕು. ಮಿಲಾನಿನವರು ತಮ್ಮ ರಕ್ತದಾನಿಗಳನ್ನು ಅಳೆದು ತಮ್ಮ ಗೆರೆಯನ್ನು ತಿದ್ದಿಕೊಂಡರು. ಬಯಲುಸೀಮೆಯ ಹಳ್ಳಿಗಳಲ್ಲೂ ಆ ಕೆಲಸ ನಡೆಯಬೇಕು. ಅದನ್ನು ಕೈಗೆತ್ತಿಕೊಳ್ಳುವವರು ಇಂದು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.